ಹದಿನೈದು ಪೈಸೆಯ ಕಾರ್ಡು

ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಬೆಳಗಾದರೆ ಬರುವುದು ಹೂವಿನ ಚಿತ್ರ, ಶುಭೋದಯ, ಯಾರದ್ದೋ ಮಗಳ ಮದುವೆಯ ಕರೆಯೋಲೆ. ಹಾಗಾಗಿ ಆಷಾಢದ ಆ ದಿನ "ಹಕ್ಕಿ ಮೇಷ್ಟ್ರು ಹೋದರು" ಎಂಬ ಸಾಲು ನನ್ನ ಕಣ್ಣಿಗೆ ಬಿದ್ದದ್ದು ಹತ್ತು ಗಂಟೆಯ ಮೇಲೆ. ಅಷ್ಟರಲ್ಲಿ ಅದರ ಕೆಳಗೆ ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದು ಕೂತಿದ್ದವು. ನಾನೂ ಒಂದು ಒತ್ತಿ ಕಾಫಿ ಕುಡಿಯಲು ಹೋದೆ. ಲೋಟ ಅರ್ಧವಾದಾಗ ಮೇಷ್ಟ್ರ ನಶ್ಯದ ವಾಸನೆ ಬಂದಂತಾಯಿತು. ಆಮೇಲೆ ಆ ಕಾಫಿ ಇಳಿಯಲಿಲ್ಲ.

ತಿಂಗಳು ಕಳೆದು ನಮ್ಮ ಶಾಲೆಯ ಈಗಿನ ಹೆಡ್‌ಮಿಸ್ ಫೋನು ಮಾಡಿದರು. ಈ ಸಲದ ಸಂಚಿಕೆಗೆ 'ಕುವೆಂಪು ಜೀವನದಲ್ಲಿ ಸರಳತೆ ಮತ್ತು ಪ್ರಕೃತಿಪ್ರೇಮ' ಎಂದು ಲೇಖನ ಬೇಕು, ನೀವು ಮೇಷ್ಟ್ರ ಶಿಷ್ಯರು, ಕವಿಗಳೂ ಹೌದು ಅಂದರು. ಎರಡನೆಯ ಕಾರಣಕ್ಕೇ ಒಪ್ಪಿಕೊಂಡೆ ಎಂದು ಹೇಳಿಬಿಡುತ್ತೇನೆ. ಇನ್ಶೂರೆನ್ಸ್ ಕಂಪನಿಯ ಕೆಲಸದ ನಡುವೆ ಎರಡು ಕವನ ಸಂಕಲನ ತಂದಿದ್ದೇನೆ, ಒಂದಕ್ಕೆ ಬಹುಮಾನವೂ ಬಂದಿದೆ. ಇದನ್ನು ಇಲ್ಲಿ ಬರೆಯಬೇಕಾದದ್ದಿರಲಿಲ್ಲ. ಮೇಷ್ಟ್ರಿದ್ದಿದ್ದರೆ ಈ ಮೂರು ಸಾಲಿಗೆ ಕೆಂಪು ಗೀಟು ಬೀಳುತ್ತಿತ್ತು.

ಮೇಷ್ಟ್ರು ನಮಗೆ ಕನ್ನಡಕ್ಕೆ ಇದ್ದದ್ದು 1986ರಿಂದ 88ರವರೆಗೆ, ಒಂಬತ್ತು ಮತ್ತು ಹತ್ತನೇ ಕ್ಲಾಸಿಗೆ. ಪಾಠದಲ್ಲಿ ಏನೇನಿತ್ತು ಎಂದು ಈಗ ಕೇಳಿದರೆ ಒಂದೂ ನೆನಪಿಲ್ಲ. ಹಳಗನ್ನಡದ ಒಂದು ಪದ್ಯ ಪರೀಕ್ಷೆ ಬಂದರೂ ಮುಗಿದಿರಲಿಲ್ಲ ಎನ್ನುವುದಷ್ಟೇ ನೆನಪು. ಮುಗಿಯದಿರುವುದಕ್ಕೆ ಕಾರಣ ಕಿಟಕಿ. ನಮ್ಮ ಕ್ಲಾಸಿನ ಹಿಂದೆ ಒಂದು ಹೊನ್ನೆಮರ, ಅದರಾಚೆ ಹಾಳುಬಿದ್ದ ಗದ್ದೆ, ಗದ್ದೆ ದಾಟಿದರೆ ಕಾಡು. ಮೇಷ್ಟ್ರು ಸಮಾಸ ಬಿಡಿಸುತ್ತಾ ಬಿಡಿಸುತ್ತಾ ಸುಮ್ಮನಾಗುತ್ತಿದ್ದರು. ನಾವೂ ಸುಮ್ಮನಾಗಬೇಕು. "ಕೇಳ್ತಾ? ಕುಟ್ರು ಹಕ್ಕಿ. ಮಳೆ ಹೊಳವಾಯ್ತು." ಹಾಗಂದು ಮತ್ತೆ ಸಮಾಸಕ್ಕೆ ಬರುತ್ತಿದ್ದರು, ಕೆಲವು ಸಲ ಬರುತ್ತಿರಲಿಲ್ಲ. ಹಕ್ಕಿ ಮೇಷ್ಟ್ರು ಎಂಬ ಹೆಸರು ನಾವಿಟ್ಟದ್ದಲ್ಲ, ನಮಗಿಂತ ಮುಂಚಿನವರು ಇಟ್ಟು ಹೋಗಿದ್ದು.

ಎರಡು ಪಂಚೆ, ಎರಡು ಖಾದಿ ಜುಬ್ಬ, ಒಂದು ಉದ್ದ ಹಿಡಿಯ ಕೊಡೆ. ಮಳೆಗಾಲದಲ್ಲಿ ಪಂಚೆ ಮೊಣಕಾಲಿಗೆ ಎತ್ತಿಕಟ್ಟಿ, ಮೂರು ಮೈಲಿ ಕಾಡುದಾರಿಯಲ್ಲಿ ನಡೆದೇ ಬರುತ್ತಿದ್ದರು. ಬಂದವರೇ ಜಗಲಿಯ ಕಟ್ಟೆಯ ಮೇಲೆ ಕೂತು ಕಾಲಿಗೆ ಹತ್ತಿದ ಉಂಬಳಗಳನ್ನು ಒಂದೊಂದಾಗಿ ಕಿತ್ತು ಸುಣ್ಣದ ಡಬ್ಬಿಗೆ ಹಾಕುವರು. ಆಮೇಲೆಯೇ ಹಾಜರಿ. ಮಾರ್ಕಿನಲ್ಲಿ ಮಹಾ ಜಿಪುಣ. ನೂರಕ್ಕೆ ಅರುವತ್ತು ಕೊಟ್ಟರೆ ಅವತ್ತು ಮೇಷ್ಟ್ರ ಮನೆಯಲ್ಲಿ ಏನೋ ವಿಶೇಷ ಇದ್ದಿರಬೇಕು ಎಂದುಕೊಳ್ಳುತ್ತಿದ್ದೆವು. ಸಿಟ್ಟೂ ಇತ್ತು. ಹಕ್ಕಿ ಕೂಗುವಾಗ ಯಾರಾದರೂ ಕೆಮ್ಮಿದರೆ ಡಸ್ಟರ್ ಹಾರಿಬರುತ್ತಿತ್ತು.

ಅವರ ಮಟ್ಟಿಗೆ ಕನ್ನಡದಲ್ಲಿ ಕವಿ ಅಂದರೆ ಒಬ್ಬರೇ. ಅದು ತಪ್ಪು ಎಂದು ನನಗೆ ಗೊತ್ತಾಗಲು ಬೆಂಗಳೂರಿಗೆ ಹೋಗಿ ಆರು ವರ್ಷ ಬೇಕಾಯಿತು. ಆದರೆ ಅವರು ಕುವೆಂಪು ಬಗ್ಗೆ ಹೇಳುತ್ತಿದ್ದುದು ಗೈಡುಗಳಲ್ಲಿ ಬರೆದಂತೆ ಅಲ್ಲ. 29-12-1904, ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆ ಎಂಬುದನ್ನು ಪರೀಕ್ಷೆಗೆ ಬೇಕು ಎಂದು ಬೋರ್ಡಿನ ಮೇಲೆ ಬರೆದು ತಿರುಗಿದವರೇ, "ಅದು ತಾಯಿಮನೆ. ಹುಟ್ಟಿದ್ದು ಅಲ್ಲಿ, ಕಣ್ಣುಬಿಟ್ಟದ್ದು ಕುಪ್ಪಳಿಯಲ್ಲಿ" ಅಂದರು. ಇನ್ನೊಂದು ದಿನ ಆ ಮನೆಯ ಹೆಸರುಗಳನ್ನೆಲ್ಲ ಒಂದರ ಕೆಳಗೊಂದು ಬರೆದರು: ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. ಮೈಸೂರಿನ ಮನೆಗೆ ಉದಯರವಿ, ವೈಸ್ ಚಾನ್ಸಲರ್ ಆಗಿ ಕಟ್ಟಿದ ಕ್ಯಾಂಪಸ್ಸಿಗೆ ಮಾನಸಗಂಗೋತ್ರಿ. "ಹುಣ್ಣಿಮೆ ಇದೆ, ಕೋಗಿಲೆ ಇದೆ, ಚಂದ್ರನ ತುಂಡಿದೆ, ಸೂರ್ಯ ಇದ್ದಾನೆ, ಗಂಗೆ ಇದ್ದಾಳೆ. ಈ ಮನುಷ್ಯ ಮನೆಯೊಳಗೆ ಕೂತಿದ್ದರೆ ತಾನೆ" ಎಂದು ನಕ್ಕರು. ನನಗೆ ಕುವೆಂಪು ಹತ್ತಿರವಾದದ್ದು ಆ ಹೆಸರುಗಳ ಪಟ್ಟಿಯಿಂದ.

ಸರಳತೆ ಎನ್ನುವ ಮಾತು ಬಂದರೆ ಮಾತ್ರ ಅವರಿಗೆ ರೇಗುತ್ತಿತ್ತು. ಕನ್ನಡ ರಾಜ್ಯೋತ್ಸವದ ಭಾಷಣ ಸ್ಪರ್ಧೆಯಲ್ಲಿ ನಾನು, ಕವಿ ಬಡತನದಲ್ಲಿ ಬೆಳೆದು ಸರಳವಾಗಿ ಬಾಳಿದರು ಎಂದು ಕೈ ಬೀಸಿ ಹೇಳಿದ್ದೆ. ಕೆಳಗಿಳಿದ ಮೇಲೆ ಕಿವಿ ಹಿಡಿದರು. "ಯಾವ ಬಡತನನೋ? ಕುಪ್ಪಳಿ ಮನೆ ನೋಡಿದೀಯಾ? ಮೂರು ಅಂತಸ್ತು, ನಡುವೆ ಅಂಗಳ. ಇದ್ದವರ ಮನೆ ಅದು. ಇಲ್ಲದೆ ಇರೋದು ಬೇರೆ, ಬೇಡ ಅನ್ನೋದು ಬೇರೆ. ಬಿಡಾರ ಚಿಕ್ಕದಾದರೆ ಗುಡಿಸೋ ಕೆಲಸ ಕಡಿಮೆ, ಹೊರಗೆ ಕೂರೋಕೆ ಹೊತ್ತು ಸಿಗ್ತದೆ. ಅಷ್ಟೇ ವಿಷಯ." ಬಹುಮಾನ ನನಗೇ ಬಂತು, ಅದು ಬೇರೆ ಮಾತು.

ಮನೆ ನೋಡಿದೀಯಾ ಎಂದದ್ದು ಅವರನ್ನೇ ಕಾಡಿರಬೇಕು. ಆ ಡಿಸೆಂಬರಿನಲ್ಲಿ ನಮ್ಮ ಕ್ಲಾಸನ್ನು ಕುಪ್ಪಳಿಗೆ ಕರಕೊಂಡು ಹೋದರು. ಶಂಕರ್ ಕಂಪನಿ ಬಸ್ಸಿನಲ್ಲಿ ಗಡಿಕಲ್ಲಿನವರೆಗೆ, ಅಲ್ಲಿಂದ ನಡಿಗೆ. ಬಾಳೆಲೆಯಲ್ಲಿ ಕಟ್ಟಿದ ಅಕ್ಕಿರೊಟ್ಟಿ, ಕೆಂಪು ಚಟ್ನಿ. ಆಗ ಅದು ಮ್ಯೂಸಿಯಂ ಆಗಿರಲಿಲ್ಲ. ಟಿಕೆಟ್ಟು, ಗಾಜಿನ ಪೆಟ್ಟಿಗೆ, ಮನೆಯ ಹತ್ತಿರದ ಗುಡ್ಡ ಕವಿಶೈಲದ ಮೇಲೆ ಈಗಿರುವ ಕಲ್ಲಿನ ಕಮಾನುಗಳು ಒಂದೂ ಇರಲಿಲ್ಲ. ಬರೀ ಹಾಸುಬಂಡೆ, ಹುಲ್ಲು, ಗಾಳಿ, ಎದುರಿಗೆ ಒಂದರ ಹಿಂದೊಂದು ನಿಂತ ಸಹ್ಯಾದ್ರಿಯ ಸಾಲು. ಮೇಷ್ಟ್ರು ಎಲ್ಲರನ್ನೂ ಬಂಡೆಯ ಮೇಲೆ ಕೂರಿಸಿ, ಸೂರ್ಯ ಮುಳುಗುವ ತನಕ ಯಾರೂ ತುಟಿ ಬಿಚ್ಚಬಾರದು ಅಂದರು. ಇನ್ನೂ ಅರ್ಧ ಗಂಟೆ ಇತ್ತು. ಮೂವತ್ತೆಂಟು ಹುಡುಗ ಹುಡುಗಿಯರು ಅರ್ಧ ಗಂಟೆ ಸುಮ್ಮನೆ ಕೂತದ್ದು ನನ್ನ ಜೀವನದಲ್ಲಿ ಆಮೇಲೆ ಎಲ್ಲೂ ನೋಡಿಲ್ಲ. ಪೂರ್ತಿ ಸುಮ್ಮನಿದ್ದೆವು ಎಂದರೆ ಸುಳ್ಳಾಗುತ್ತದೆ. ಯಾರಿಗೋ ಬಿಕ್ಕಳಿಕೆ ಹತ್ತಿ, ಹುಡುಗಿಯರ ಸಾಲು ಬಾಯಿಗೆ ಲಂಗದಾವಣಿ ತುರುಕಿಕೊಂಡು ನಕ್ಕಿತು. ಡಸ್ಟರ್ ಇಲ್ಲದ್ದರಿಂದ ಮೇಷ್ಟ್ರು ಕಣ್ಣಲ್ಲೇ ಎಸೆದರು.

ಆ ಬಂಡೆಯ ಮೇಲೆ ಬಿ.ಎಂ.ಶ್ರೀ, ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಮೂವರ ಹೆಸರು ಕೆತ್ತಿದೆ. ಗುರುಗಳಿಬ್ಬರು, ಶಿಷ್ಯ ಒಬ್ಬ. ಕಲ್ಲಿನ ಮೇಲೆ ಏನನ್ನೂ ಗೀಚಬಾರದು ಎಂದು ಬಸ್ಸಿಳಿದಾಗಲೇ ಅಪ್ಪಣೆಯಾಗಿತ್ತು. ಇದನ್ನು ನೋಡಿದ ನಮ್ಮ ಬೆಂಚಿನ ಅಂಗಡಿಯವರ ಮಗ ಬಿಡಲಿಲ್ಲ. "ಅವರು ಕೆತ್ತಿದಾರಲ್ಲ ಸಾರ್?" ಮೇಷ್ಟ್ರು ನಶ್ಯ ಏರಿಸಿ, ಕೈ ಒರಸಿಕೊಂಡು ಹೇಳಿದರು: "ನೀನು ಅವರಷ್ಟು ಬರಿ ಮಾರಾಯ, ಉಳಿ ಸುತ್ತಿಗೆ ನಾನೇ ಹೊತ್ಕೊಂಡು ಬರ್ತೀನಿ." ಅವನೇ ಇಳಿಯುವಾಗ ಇನ್ನೊಂದು ಕೇಳಿದ. ಮಲೆನಾಡು ಇಷ್ಟು ಚೆಂದ ಅಂತಾದರೆ ಕುವೆಂಪು ಮೈಸೂರಲ್ಲಿ ಯಾಕೆ ಇದ್ದಾರೆ ಸಾರ್? ಇದಕ್ಕೆ ಮೇಷ್ಟ್ರು ತಕ್ಷಣ ಉತ್ತರ ಕೊಡಲಿಲ್ಲ. ಎರಡು ದಿನ ಬಿಟ್ಟು, ಕ್ಲಾಸಿನ ನಡುವೆ, ಯಾರೂ ಕೇಳದೆ, "ಓದೋಕೆ ಹೋದರು ಕಣೋ" ಅಂದರು. "ತೀರ್ಥಹಳ್ಳಿ ಎ.ವಿ. ಸ್ಕೂಲು ಮುಗೀತು, ಮುಂದಕ್ಕೆ ಮೈಸೂರು. ಹೋದವರಿಗೆ ಅಲ್ಲಿ ಒಂದು ಕುಕ್ಕರಹಳ್ಳಿ ಕೆರೆ ಸಿಕ್ತು, ಅದರ ಸುತ್ತ ನಡೆದರು. ಮಲೆನಾಡನ್ನ ಬರೆದದ್ದೆಲ್ಲ ಹೆಚ್ಚಾಗಿ ಅಲ್ಲಿ ಕೂತೇ. ದೂರ ಹೋದವರಿಗೇ ಊರು ಜಾಸ್ತಿ ಕಾಣ್ತದೋ ಏನೋ." ಕೊನೆಯ ಈ ಮಾತನ್ನು ನಾನು ಬೆಂಗಳೂರಿನಲ್ಲಿ ಮೂವತ್ತು ವರ್ಷ ನನ್ನ ಅನುಕೂಲಕ್ಕೆ ಬಳಸಿಕೊಂಡಿದ್ದೇನೆ.

ಇನ್ನು ಆ ಕಾರ್ಡಿನ ಸಂಗತಿ.

1987ರಲ್ಲಿ ಸರ್ಕಾರ ಪಂಪ ಪ್ರಶಸ್ತಿ ಶುರುಮಾಡಿ ಮೊದಲನೆಯದನ್ನು ಕುವೆಂಪು ಅವರಿಗೆ ಕೊಟ್ಟಿತು. ಮೇಷ್ಟ್ರು ಪೇಪರನ್ನು ಕ್ಲಾಸಿಗೇ ತಂದು ಓದಿದರು. ಅದೇ ಗುಂಗಿನಲ್ಲಿ ನಮ್ಮ ಬೆಂಚಿನ ನಾಲ್ವರಿಗೆ ಒಂದು ಉಪಾಯ ಹೊಳೆಯಿತು. ಆ ಮಳೆಗಾಲದ ಒಂದು ಸೋಮವಾರ ಗಣಿತದ ಟೆಸ್ಟಿತ್ತು. ಕುವೆಂಪು ಕುಪ್ಪಳಿಗೆ ಬರುತ್ತಿದ್ದಾರೆ ಎಂದಾದರೆ ಮೇಷ್ಟ್ರು ಶಾಲೆಯನ್ನೇ ಎತ್ತಿಕೊಂಡು ಅಲ್ಲಿಗೆ ಹೋಗುತ್ತಾರೆ, ಟೆಸ್ಟು ತೊಳೆದುಹೋಗುತ್ತದೆ. ನಾಲ್ವರಲ್ಲಿ ಒಬ್ಬ ಊರಿನ ಪೋಸ್ಟ್‌ಮಾಸ್ಟರ್ ಮಗ. ಹದಿನೈದು ಪೈಸೆಯ ಒಂದು ಕಾರ್ಡು, ಒತ್ತಲು ಮುದ್ರೆ ಎರಡೂ ಅವನ ಮನೆಯ ಜಗಲಿಯಲ್ಲೇ ಇದ್ದವು. ಒಕ್ಕಣೆ ನನ್ನದು. ಬರೆಯುವುದರಲ್ಲಿ ಆಗಲೇ ನನ್ನ ಕೈ ಮೇಲು.

ಈಗ ನೆನೆದರೆ ಮೈ ಹಿಡಿಯಷ್ಟಾಗುತ್ತದೆ. ನಾವು ಕವಿಗಳ ಹೆಸರಿನಲ್ಲಿ, ಸೋಮವಾರ ಹುಟ್ಟೂರಿಗೆ ಬರುತ್ತಿದ್ದೇವೆ, ತೀರ್ಥಹಳ್ಳಿಗೆ ಕಾರು ಕಳಿಸತಕ್ಕದ್ದು, ಸ್ವಾಗತ ಕಮಾನು ಕಟ್ಟತಕ್ಕದ್ದು, ಗಂಧದ ಹಾರ ಇರಲಿ, ವಿದ್ಯಾರ್ಥಿಗಳಿಗೆ ರಜೆ ಘೋಷಿಸತಕ್ಕದ್ದು ಎಂದು ಬರೆದಿದ್ದೆವು. ತಕ್ಕದ್ದು ಎಂಬ ಪದ ಶಾಲೆಯ ನೋಟೀಸಿನಿಂದ ಎತ್ತಿದ್ದು.

ಶುಕ್ರವಾರ ಕಾರ್ಡು ಮೇಷ್ಟ್ರ ಕೈಸೇರಿತು. ಕ್ಲಾಸಿನಲ್ಲೇ ಓದಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಜುಬ್ಬದ ಜೇಬಿಗೆ ಹಾಕಿ ಪಾಠ ಮುಂದುವರಿಸಿದರು. ಅವತ್ತು ಎಂದಿಲ್ಲದಂತೆ ಪಾಠ ಸರಿಯಾಗಿ ನಡೆಯಿತು, ಅದರಲ್ಲೇ ನಮಗೆ ಭಯ ಹುಟ್ಟಬೇಕಿತ್ತು. ಗಂಟೆ ಹೊಡೆದ ಮೇಲೆ, "ನೀವು ನಾಲ್ಕು ಜನ ಸಂಜೆ ಮನೆ ಕಡೆ ಬನ್ನಿ" ಅಂದರು.

ಮಳೆ ಜಡಿಯುತ್ತಿತ್ತು. ಜಗಲಿಯಲ್ಲಿ ನಾಲ್ವರೂ ಸಾಲಾಗಿ ನಿಂತೆವು, ಕೊಡೆಗಳಿಂದ ನೀರು ಇಳಿದು ನಮ್ಮ ಕಾಲಬುಡದಲ್ಲೇ ನಿಂತಿತು. ಪೋಸ್ಟ್‌ಮಾಸ್ಟರ್ ಮಗ ಆಗಲೇ ಅಳಲು ಶುರುಮಾಡಿದ್ದ. ಮೇಷ್ಟ್ರು ಕಾರ್ಡನ್ನು ದೂರ ಹಿಡಿದು ಓದಿದರು. "ಕಾರು ಬೇಕಂತೆ. ಕಮಾನು ಬೇಕಂತೆ. ಗಂಧದ ಹಾರ ಬೇಕಂತೆ. ಇದು ಕುವೆಂಪು ಬರೆದದ್ದಲ್ಲ, ಯಾರೋ ಮಿನಿಸ್ಟ್ರು ಬರೆದದ್ದು ಅಂತ ಮೊದಲನೇ ಸಾಲಿಗೇ ಗೊತ್ತಾಯ್ತು. ಆಮೇಲೆ ನಿನ್ನ ಣಕಾರದ ಬಾಲ ನೋಡಿದೆ. ಮೈಸೂರಿನ ಕಾಗದಕ್ಕೆ ನಮ್ಮೂರಿನ ಸೀಲು ಮಾತ್ರ ಇರೋದು ಕೊನೆಗೆ ಕಂಡದ್ದು." ಆಮೇಲೆ ಅಳುತ್ತಿದ್ದವನ ಕಡೆ ತಿರುಗಿದರು. "ಇದು ಹೊರಗೆ ಹೋದರೆ ನಿಮ್ಮಪ್ಪನ ಕೆಲಸ ಎಂತಾಗ್ತದೆ ಗೊತ್ತುಂಟಾ?" ಒಳಗೆ ಹೋಗಿ ಕಾರ್ಡನ್ನು ಬಚ್ಚಲೊಲೆಗೆ ಹಾಕಿ ಬಂದರು. ಹೆಡ್‌ಮಾಸ್ಟರಿಗೆ ಈ ಸುದ್ದಿ ಮುಟ್ಟಲೇ ಇಲ್ಲ. ಇವತ್ತು ಈ ಸಂಚಿಕೆಯಲ್ಲೇ ಮೊದಲು ಬಯಲಾಗುತ್ತಿರುವುದು. ಆ ಪೋಸ್ಟ್‌ಮಾಸ್ಟರೂ ಈಗಿಲ್ಲ.

ಹೊಡೆತ ಬೀಳುತ್ತದೆ ಎಂದುಕೊಂಡರೆ ಇನ್ನೊಂದು ಕಾರ್ಡು ಬಂತು. ಇದು ಅವರದೇ ದುಡ್ಡಿನದು. "ವಿಳಾಸ ಉದಯರವಿ, ಮೈಸೂರು. ತಪ್ಪಾಯ್ತು ಅಂತ ಬರೀರಿ. ಮೊದಲು ಕರಡು." ನಾನು ಉತ್ಸಾಹದಿಂದ ಆರಂಭಿಸಿದೆ: ಪರಮಪೂಜ್ಯ ರಾಷ್ಟ್ರಕವಿ, ಪದ್ಮಭೂಷಣ, ಜ್ಞಾನಪೀಠ ಪ್ರಶಸ್ತಿ ವಿಜೇತ, ಪಂಪ ಪ್ರಶಸ್ತಿ ಪುರಸ್ಕೃತ... ಮೇಷ್ಟ್ರು ಬಗ್ಗಿ ನೋಡಿ, "ಅವರಿಗೆ ಅವರ ಹೆಸರು ಗೊತ್ತುಂಟು. ತೆಗಿ" ಅಂದರು. ಎರಡನೆಯ ಕರಡಿನಲ್ಲಿ ನಾವು ಅಜ್ಞಾನಾಂಧಕಾರದಲ್ಲಿ ಮುಳುಗಿದ್ದೆವು. "ಅಂಧಕಾರ ಎಂಥದೂ ಇರಲಿಲ್ಲ, ಟೆಸ್ಟ್ ಇತ್ತು. ತೆಗಿ." ಮೂರು, ನಾಲ್ಕು, ಐದು. ದೀಪ ಹಚ್ಚಿದರು. ಮೇಷ್ಟ್ರ ಹೆಂಡತಿ, ನಮಗೆಲ್ಲ ಅಮ್ಮ, ನಾಲ್ವರಿಗೂ ಬಿಸಿ ಕಡುಬು, ಮೇಲೆ ಬೆಲ್ಲದ ನೀರು ಕೊಟ್ಟರು. ತಿಂದು ಮತ್ತೆ ಬರೆದೆವು. ನನ್ನ ಒಂದೊಂದು ವಿಶೇಷಣ ಬಿದ್ದಾಗಲೂ ಹಲ್ಲು ಕಿತ್ತ ಹಾಗಾಗುತ್ತಿತ್ತು. ಹನ್ನೊಂದನೆಯ ಸಲಕ್ಕೆ ಉಳಿದದ್ದು ಇಷ್ಟು: ನಾವು ನಾಲ್ವರು ನಿಮ್ಮ ಹೆಸರಿನಲ್ಲಿ ಸುಳ್ಳು ಕಾಗದ ಬರೆದೆವು. ತಪ್ಪಾಯಿತು. ಇಲ್ಲಿ ಮಳೆ ಹಿಡಿದಿದೆ.

ಮಳೆಯ ಮಾತು ನಾನು ಕಾರ್ಡು ಖಾಲಿ ಕಾಣುತ್ತದೆಂದು ತುಂಬಿಸಿದ್ದು. ಅದನ್ನೂ ಹೊಡೆದುಹಾಕಲು ಪೆನ್ನಿಟ್ಟೆ. ಮೇಷ್ಟ್ರು ಕೈ ಹಿಡಿದರು. "ಅದಿರಲಿ. ಮೈಸೂರಲ್ಲಿ ಕೂತವರಿಗೆ ಅದು ಬೇಕು."

ನಾಲ್ವರೂ ಸಹಿ ಹಾಕಿದೆವು. ಕಾರ್ಡು ಮೇಷ್ಟ್ರ ಜೇಬಿಗೆ ಹೋಯಿತು. ಅದಲ್ಲದೆ, ಪಬ್ಲಿಕ್ ಪರೀಕ್ಷೆಯೊಳಗೆ ಹತ್ತು ಹಕ್ಕಿಗಳನ್ನು ಬರೀ ದನಿಯಿಂದ ಗುರುತಿಸಬೇಕು ಎಂದೂ ಆಯಿತು. ಅಂದಿನಿಂದ ನಮ್ಮ ಬೆಂಚಿಗೆ ಕಾಜಾಣದ ಬೆಂಚು ಎಂದು ಹೆಸರು. ಬಾಲದಲ್ಲಿ ಎರಡು ತಂತಿ ಇಳಿಬಿಟ್ಟ ದೊಡ್ಡ ಕಾಜಾಣ ಬೇರೆ ಹಕ್ಕಿಗಳ ದನಿ ಕದ್ದು ಕೂಗುತ್ತದೆ. ಯಾಕೆ ಆ ಹೆಸರು ಎಂದು ಉಳಿದ ಹುಡುಗರಿಗೆ ಕೊನೆತನಕ ಗೊತ್ತಾಗಲಿಲ್ಲ. ಮಡಿವಾಳ, ಪಿಕಳಾರ, ಮಂಗಟ್ಟೆ, ಕಾಮಳ್ಳಿ ಎಂದು ನಾನು ಏಳರವರೆಗೆ ಬಂದೆ. ಅದರಲ್ಲಿ ಎರಡು ಊಹೆ.

1994ರ ನವೆಂಬರ್ 11ರಂದು ಕುವೆಂಪು ತೀರಿಕೊಂಡಾಗ ನಾನು ಬೆಂಗಳೂರಿನಲ್ಲಿ ಹೊಸ ಕೆಲಸಕ್ಕೆ ಸೇರಿದ್ದೆ. ಮೈಸೂರಿನಿಂದ ಅವರನ್ನು ಕುಪ್ಪಳಿಗೆ ತಂದು ಕವಿಶೈಲದಲ್ಲೇ ಸಂಸ್ಕಾರ ಮಾಡಿದರು. ರಜೆ ಸಿಗಲಿಲ್ಲ ಎಂದು ಎಲ್ಲರಿಗೂ ಹೇಳಿದೆ, ಕೇಳಿರಲೂ ಇಲ್ಲ. ಮೇಷ್ಟ್ರು ಅವತ್ತು ಕಾಡಿನ ದಾರಿಯಲ್ಲೇ ನಡೆದು ಹೋಗಿದ್ದರಂತೆ.

ಈ ಸಲ ಮೇಷ್ಟ್ರ ತಿಥಿಯ ದಿನ ಕಾಜಾಣದ ಬೆಂಚಿನ ಇಬ್ಬರು ಹೋಗಿದ್ದೆವು, ನಾನು ಮತ್ತು ಅಂಗಡಿಯವರ ಮಗ. ಒಬ್ಬ ದುಬೈಯಲ್ಲಿದ್ದಾನೆ, ಪೋಸ್ಟ್‌ಮಾಸ್ಟರ್ ಮಗನಿಗೆ ಮಂಡಿ ಆಪರೇಷನ್. ದಾರಿಯುದ್ದಕ್ಕೂ ನಾವು ಮೇಷ್ಟ್ರ ಸರಳ ಜೀವನವನ್ನೇ ಹೊಗಳುತ್ತಾ ಹೋದೆವು. ಊಟವಾದ ಮೇಲೆ ಅಮ್ಮನ ಮುಂದೆಯೂ ಅದನ್ನೇ ಎತ್ತಿದೆ. ಅವರು ಅಡಕೆ ಹೋಳು ಮಾಡುತ್ತಾ ಕೂತಿದ್ದರು. "ಹೌದಪ್ಪ, ಸರಳ. ಬಾವಿಯಿಂದ ನೀರು ಸೇದಿದ್ದು ನಾನು. ಒಂದು ಮಿಕ್ಸಿ ತನ್ನಿ ಅಂತ ಹನ್ನೊಂದು ವರ್ಷ ಹೇಳಿದೆ. ಒರಳುಕಲ್ಲಿನ ಸದ್ದಿಗೆ ಹಕ್ಕಿ ಹೆದರೋದಿಲ್ಲ, ಮಿಕ್ಸಿಗೆ ಹೆದರ್ತವೆ ಅಂತಿದ್ದರು." ಅವರು ನಕ್ಕರು. ನಮಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಸರಳ ಜೀವನದ ಮೇಲೆ ಭಾಷಣ ಬರೆಯುವ ಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ, ಒಂದು ಸಾಲು ಒರಳುಕಲ್ಲಿನ ಬಗ್ಗೆಯೂ ಸೇರಿಸಿಕೊಳ್ಳಲಿ.

ಆ ಕಾರ್ಡು ಮೈಸೂರಿಗೆ ಹೋಯಿತೇ ಎಂದು ಕೇಳಿದೆ. ಈ ಒಂದು ಪ್ರಶ್ನೆ ನನಗೆ ಮುಖ್ಯ. ಕುವೆಂಪು ಅವರೊಂದಿಗೆ ನನಗೆ ಪತ್ರವ್ಯವಹಾರವಿತ್ತು ಎಂದು ನನ್ನ ಎರಡನೆಯ ಸಂಕಲನದ ಬೆನ್ನುಡಿಯಲ್ಲಿ ಬರೆಸಿಕೊಂಡಿದ್ದೇನೆ. ಅಮ್ಮನಿಗೆ ಕಡುಬು ನೆನಪಿತ್ತು, ಕಾರ್ಡು ನೆನಪಿರಲಿಲ್ಲ. "ಹಾಕಿರಬಹುದು. ಜುಬ್ಬದ ಜೇಬಲ್ಲೇ ಮರೆತು ಒಗೆಯೋಕೆ ಹಾಕಿರಲೂಬಹುದು. ಅಂಥದ್ದು ಎಷ್ಟೋ ನೀರಲ್ಲಿ ಹೋಗಿದೆ." ಮೇಷ್ಟ್ರ ಪುಸ್ತಕಗಳೆಲ್ಲ ಯಾವುದೋ ವಾಚನಾಲಯಕ್ಕೆ ಹೋಗಿದ್ದವು. ಗೂಟದ ಮೇಲೆ ಕೊಡೆ ಒಂದೇ ಇತ್ತು.

ಬರುವಾಗ ಶಾಲೆಯ ಕಡೆ ಹೋಗಿಬಂದೆವು. ಒಳ್ಳೆಯ ಕಟ್ಟಡ, ನೀರಿನ ವ್ಯವಸ್ಥೆ, ಹುಡುಗಿಯರಿಗೆ ಶೌಚಾಲಯ, ನಮ್ಮ ಕಾಲದಲ್ಲಿ ಇವೊಂದೂ ಇರಲಿಲ್ಲ. ದೂರಲು ನನಗೆ ಹಕ್ಕಿಲ್ಲ. ಆದರೂ ಹೇಳುತ್ತೇನೆ. ಕಾರಿಡಾರಿನಲ್ಲಿ ಥರ್ಮಕೋಲಿನ ಕವಿಮನೆ ನಿಲ್ಲಿಸಿದ್ದರು, ಪ್ರಾಜೆಕ್ಟು. ಅಚ್ಚುಕಟ್ಟಾಗಿತ್ತು. ಕುಪ್ಪಳಿಗೆ ಹೋಗಿದ್ದಿರಾ ಎಂದು ಅಲ್ಲಿದ್ದ ಹುಡುಗಿಯನ್ನು ಕೇಳಿದೆ. ಹೌದು ಅಂಕಲ್, ಒಂದೇ ದಿನದಲ್ಲಿ ಕುಪ್ಪಳಿ, ಶೃಂಗೇರಿ, ಆಗುಂಬೆ ಮೂರೂ ಮುಗಿಸಿದೆವು ಅಂದಳು. ಕವಿಶೈಲದಲ್ಲಿ ಎಷ್ಟು ಹೊತ್ತು ಇದ್ದಿರಿ? ಫೋಟೋ ತೆಗೆಯುವಷ್ಟು. ಹಿಂದಿನ ಹೊನ್ನೆಮರ ಕಟ್ಟಡಕ್ಕೆ ಹೋಗಿದೆ. ಗದ್ದೆಯಿದ್ದ ಜಾಗದಲ್ಲಿ ಅಡಕೆ ತೋಟ, ಅದರಾಚೆ ಕಾಡಿದ್ದಲ್ಲಿ ಸಾಲುಹಿಡಿದು ನಿಂತ ಅಕೇಶಿಯ. ಆ ಅಡಕೆ ತೋಟ ಯಾರದು ಎಂದು ಗೆಳೆಯ ಕೇಳಿದ. ನಮ್ಮ ಚಿಕ್ಕಪ್ಪನದು ಎಂದು ನಾನು ಹೇಳಬೇಕಾಯಿತು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಮಳೆ ಬಿಟ್ಟು ಎಲೆಗಳಿಂದ ಹನಿ ಬೀಳುತ್ತಿತ್ತು. ರಸ್ತೆಯ ಆ ಬದಿಯ ಹಲಸಿನ ಮರದಿಂದ ಒಂದು ಸಿಳ್ಳೆ ಬಂತು, ಉದ್ದವಾಗಿ, ಕೊನೆಗೆ ಸ್ವಲ್ಪ ಮೇಲೆ ಎಳೆದು.

"ಮಡಿವಾಳ" ಅಂದೆ ನಾನು, ಬರೆಯುವವನ ಗತ್ತಿನಲ್ಲಿ.

ಅವನು ಕಿವಿಗೊಟ್ಟು ಕೇಳಿದ. "ಅಲ್ಲ ಮಾರಾಯ. ಕಾಜಾಣ ಅದು. ಮಡಿವಾಳನ ಹಂಗೆ ಕೂಗ್ತಾ ಉಂಟು."

"ಹೆಂಗೆ ಹೇಳ್ತೀಯ?"

"ಕಡೇಲಿ ಒಂಚೂರು ಜಾಸ್ತಿ ಮಾಡ್ತದೆ ನೋಡು."

ಇನ್ನೊಮ್ಮೆ ಕೂಗಲಿ ಎಂದು ಇಬ್ಬರೂ ರಸ್ತೆ ದಾಟಿ ಮರದ ಬುಡಕ್ಕೆ ಹೋಗಿ ಕತ್ತೆತ್ತಿ ನಿಂತೆವು. ಕೂಗಲಿಲ್ಲ. ಹಿಂದೆ ಬಸ್ಸು ಬಂದು ನಿಂತು, ಕಂಡಕ್ಟರು ಎರಡು ಸಲ ಸೀಟಿ ಊದಿ, ನಾವು ತಿರುಗದ್ದನ್ನು ನೋಡಿ, ರೈಟ್ ಹೇಳಿ ಹೋಗಿಬಿಟ್ಟ.